ಬಾಯಿ ಎಂದದ್ದಕ್ಕೆ

ತರಬೇತಿಯ ಮೊದಲ ದಿನವೇ ತಾಯಿ ಮಗಳು ಬೇರೆ ಬೇರೆ ಡಬ್ಬಿ ಹತ್ತಿದರು. ಹತ್ತಿಸಿದವಳು ಮಗಳು. ಬೆಳಗಿನ ಹೊತ್ತು ಡೊಂಬಿವಲಿ ಸ್ಟೇಷನ್ನಿನಲ್ಲಿ ಇಬ್ಬರು ಹೆಂಗಸರು ಒಂದೇ ಡಬ್ಬಿಗೆ ನುಗ್ಗುವುದು ಸಣ್ಣ ಕೆಲಸವಲ್ಲ. ಹಾಗಾಗಿ "ಅಮ್ಮ, ನೀನು ಮುಂದಿನ ಲೇಡೀಸಿಗೆ ಹೋಗು, ಅಲ್ಲಿ ರಶ್ಶು ಕಡಿಮೆ" ಎಂದು ರಮಿತಾ ಹೇಳಿದ್ದು ಕೇಳುವವರಿಗೆ ಕಾಳಜಿಯ ಮಾತಿನಂತೆಯೇ ಇತ್ತು. ಅಮ್ಮ ಬಾಗಿ ಹೂಂ ಎಂದು ಹೋದಳು. ಮರುದಿನ ಹೇಳುವ ಅಗತ್ಯವೇ ಬೀಳಲಿಲ್ಲ, ಸೇತುವೆಯ ಮೆಟ್ಟಿಲು ಇಳಿಯುತ್ತಿದ್ದಂತೆ ಅವಳೇ ಆಚೆ ತಿರುಗಿ ನಡೆದಳು. ಬಾಗಿ ಹೆಚ್ಚು ಓದಿದವಳಲ್ಲ, ಆದರೆ ಒಂದು ಮಾತನ್ನು ಎರಡೆರಡು ಸಲ ಹೇಳಿಸಿಕೊಳ್ಳುವ ಪೈಕಿಯೂ ಅಲ್ಲ.

ಅದು ಎರಡು ಸಾವಿರದ ಹದಿಮೂರರ ಜುಲೈ. ಬೇಲಾಪುರದ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ರಮಿತಾ ರಸಾಯನಶಾಸ್ತ್ರದ ಪಿಎಚ್.ಡಿ.ಗೆ ಸೇರಿದ್ದಳು. ಹೊಸದಾಗಿ ಸೇರಿದವರು ಎಂ.ಎಸ್ಸಿ. ಮಕ್ಕಳಿಗೆ ಲ್ಯಾಬಿನ ಪಾಠ ಮಾಡಬೇಕು, ಅದಕ್ಕೆ ಟೀಚಿಂಗ್ ಅಸಿಸ್ಟೆಂಟ್, ಟಿ.ಎ. ಎಂದು ಹೆಸರು. ಪಾಠ ಮಾಡುವುದು ಹೇಗೆಂದು ಮೊದಲು ಒಂದು ವಾರ ತರಬೇತಿ. ವಾರದ ಕೊನೆಗೆ ಚೆನ್ನಾಗಿ ಮಾಡಿದವರಿಗೆ ಕ್ಲಾಸು, ಉಳಿದವರಿಗೆ ಸ್ಟೋರಿನಲ್ಲಿ ಕೂತು ಬೀಕರು ಫ್ಲಾಸ್ಕು ಎಣಿಸಿ ಕೊಡುವ ಉದ್ಯೋಗ. ರಮಿತಾಳಿಗೆ ಕ್ಲಾಸೇ ಬೇಕಿತ್ತು. ಕ್ಲಾಸು ಸಿಕ್ಕರೆ ಸ್ಟೈಪೆಂಡು ಗಟ್ಟಿ, ಸ್ಟೈಪೆಂಡು ಗಟ್ಟಿಯಾದರೆ ಅಮ್ಮನ ಕೆಲಸ ಬಿಡಿಸುವುದು, ಅಮ್ಮ ಕೆಲಸ ಬಿಟ್ಟರೆ ಮನೆಗೆ ಅಂಟಿಕೊಂಡ ಒಂದು ಶಬ್ದ ತೊಲಗುತ್ತದೆ. ಅವಳ ಆಸೆ ಇಷ್ಟೇ.

ಆ ಶಬ್ದ ಬಾಯಿ. ನಮ್ಮ ಕನ್ನಡದಲ್ಲಿ ಅದು ಮುಖದ ಮೇಲೆ ಇದ್ದು ತನ್ನ ಪಾಡಿಗೆ ತಿಂದು ಮಾತಾಡಿಕೊಂಡಿರುತ್ತದೆ. ಮುಂಬಯಿ ಕಡೆಯ ಹಿಂದಿಗೆ ಬಂದರೆ ಅದಕ್ಕೆ ಕೈಕಾಲು ಮೂಡಿ ಕಸಬರಿಕೆ ಹಿಡಿಯುತ್ತದೆ. ಪಾತ್ರೆ ತೊಳೆಯುವ ಬಾಯಿ, ನೆಲ ಒರೆಸುವ ಬಾಯಿ, ಚಪಾತಿ ಲಟ್ಟಿಸುವ ಬಾಯಿ. ಬಾಗಿ ಠಾಣೆ ಊರಿನ ಒಂದು ದೊಡ್ಡ ಫ್ಲಾಟುಗಳ ಸೊಸೈಟಿಯಲ್ಲಿ ಮೂರು ಮನೆಗಳಿಗೆ ಅಡುಗೆಯ ಬಾಯಿ. ಅವಳ ಗಂಡ ಚೆನ್ನಯ ಕಾಪು ಕಡೆಯಿಂದ ಬಂದು ಉಲ್ಹಾಸನಗರದ ಹೋಟೆಲೊಂದರಲ್ಲಿ ಇಪ್ಪತ್ತು ವರ್ಷ ದುಡಿದವನು. ಸೇಠರು ಹೋಟೆಲು ಮಾರಿ, ಅಲ್ಲಿ ರೆಡಿಮೇಡ್ ಬಟ್ಟೆಯ ಅಂಗಡಿ ಬಂದ ಮೇಲೆ ಬಾಗಿ ಹೊರಗೆ ಹೊರಟಳು. ಚೆನ್ನಯ ಈಗ ಕಲ್ಯಾಣದ ಒಂದು ಹೋಟೆಲಿನಲ್ಲಿ ಅರ್ಧ ದಿನ ಗಲ್ಲಾದ ಮೇಲೆ ಕೂರುತ್ತಾನೆ, ಸಂಘದ ಪೂಜೆಗೆ ಹೋದಾಗ ಊರವರು ಕೇಳಿದರೆ "ಇವಳು ಕೇಟರಿಂಗ್ ಮಾಡ್ತಾಳೆ" ಎನ್ನುತ್ತಾನೆ. ಗಂಡಸು ನೂರು ಜನಕ್ಕೆ ಬೇಯಿಸಿದರೆ ಹೋಟೆಲ್ ಲೈನು, ಹೆಂಗಸು ನಾಲ್ಕು ಜನಕ್ಕೆ ಬೇಯಿಸಿದರೆ ಬಾಯಿ. ಈ ಹಂಚಿಕೆ ಯಾರು ಮಾಡಿದರೋ ಗೊತ್ತಿಲ್ಲ, ನಮ್ಮವರಂತೂ ತಕರಾರಿಲ್ಲದೆ ಒಪ್ಪಿಕೊಂಡಿದ್ದಾರೆ. ಕಾಲೇಜಿನ ಗೆಳತಿಯರ ಮುಂದೆ ರಮಿತಾಳೂ ಅಪ್ಪನ 'ಕೇಟರಿಂಗ್' ಅನ್ನೇ ಮುಂದುವರಿಸಿದ್ದಳು.

ಮರಾಠಿಯಲ್ಲಿ ಆ ಶಬ್ದಕ್ಕೆ ಇನ್ನೊಂದು ಅರ್ಥವಿದೆ. ಅದನ್ನು ಅವಳಿಗೆ ನೆನಪು ಮಾಡಿದವರು ವಿಮಲಾ ಭೋಯಿರ್.

ಸೋಮವಾರ ಬೇಲಾಪುರ ಸ್ಟೇಷನ್ನಿನಿಂದ ಹೊರಬರುವಾಗ ಹತ್ತಿಯ ಸೀರೆಯುಟ್ಟ ಒಬ್ಬರು ಕೊಡೆ ಬಿಚ್ಚಲೋ ಬೇಡವೋ ಎಂದು ನಿಂತಿದ್ದರು. ರಮಿತಾಳನ್ನು ಕಂಡು ಯೂನಿವರ್ಸಿಟಿಯ ದಾರಿ ಕೇಳಿದರು. ರಮಿತಾ ಮರಾಠಿಯಲ್ಲೇ ಉತ್ತರಿಸಿ, ಹೆಸರು ಹೇಳಿ, ನಾನೂ ಅಲ್ಲಿಗೇ ಎಂದು ಜೊತೆಗೆ ನಡೆದಳು. ಅವರದು ಮುರಬಾಡದ ಆಚೆಯ ಹಳ್ಳಿ. ಕಲ್ಯಾಣದವರೆಗೆ ಬಸ್ಸು, ಆಮೇಲೆ ಎರಡು ರೈಲು. ಹತ್ತು ವರ್ಷ ಜಿಲ್ಲಾ ಪರಿಷತ್ತಿನ ಶಾಲೆಯಲ್ಲಿ ಕಲಿಸಿ, ಈಗ ರಜೆ ಹಾಕಿ ಎಂ.ಎಸ್ಸಿ. ಮಾಡಲು ಬಂದಿದ್ದರು.

"ಎಷ್ಟು ಚೆಂದ ಮರಾಠಿ ಮಾತಾಡ್ತೀರಿ! ಹೆಸರು ನೋಡಿದರೆ ಸೌತಿನವರು ಅನಿಸ್ತದೆ" ಎಂದರು ವಿಮಲಾ.

"ಡೊಂಬಿವಲಿಯಲ್ಲೇ ಹುಟ್ಟಿದ್ದು. ನಮ್ಮ ಚಾಳಿನಲ್ಲಿ ಎಲ್ಲ ಮರಾಠಿಯವರೇ. ಆಟ ಆಡಿದ್ದು, ಜಗಳ ಆಡಿದ್ದು ಎಲ್ಲ ಮರಾಠಿಯಲ್ಲೇ."

"ಹಾಗಾದರೆ ನಿಮಗೆ ಗೊತ್ತಿರ್ತದೆ. ನಮ್ಮ ಮಕ್ಕಳು ನನ್ನನ್ನು ವಿಮಲಾಬಾಯಿ ಅಂತಲೇ ಕರೆಯೋದು. ಇಲ್ಲಿ ಎಲ್ಲರಿಗೂ ಮ್ಯಾಡಮ್ ಅನ್ನಬೇಕಂತೆ. ಮ್ಯಾಡಮ್ ಅಂದರೆ ನನಗೆ ಯಾರೋ ಇನ್ಸ್‌ಪೆಕ್ಷನ್ನಿಗೆ ಬಂದ ಹಾಗೆ ಆಗ್ತದೆ."

ಇಬ್ಬರೂ ನಕ್ಕರು. ರಮಿತಾಳಿಗೆ ಚಾಳಿನಲ್ಲಿ ಪಕ್ಕದ ಕೋಣೆಯ ಮಾನಸಿ ನೆನಪಾದಳು. ಲಗೋರಿಯ ಜಗಳವಿರಲಿ, ಮಗ್ಗಿಯ ಜಗಳವಿರಲಿ, ಮಾನಸಿ ಸೊಂಟದ ಮೇಲೆ ಕೈಯಿಟ್ಟು "ನಮ್ಮ ಬಾಯಿ ಹೇಳಿದ್ದಾರೆ" ಎಂದರೆ ಮುಗಿಯಿತು, ಅದರ ಮೇಲೆ ಅಪೀಲಿಲ್ಲ. ಮರಾಠಿ ಶಾಲೆಯ ಮಕ್ಕಳಿಗೆ ಬಾಯಿ ಎಂದರೆ ಟೀಚರು, ಅಪ್ಪ ಅಮ್ಮನಿಗಿಂತ ಒಂದು ಮೆಟ್ಟಿಲು ಮೇಲೆ ಕೂರುವವರು. ಇಂಗ್ಲಿಷ್ ಮೀಡಿಯಮ್ಮಿನ ರಮಿತಾಳಿಗೆ ಮಿಸ್ಸುಗಳಿದ್ದರು, ಹಾಗೆ ಹೆಮ್ಮೆಯಿಂದ ಕರೆಯಲು ಒಬ್ಬ ಬಾಯಿ ಇರಲಿಲ್ಲ. ಅದಕ್ಕೆ ಆಗ ಹೊಟ್ಟೆಕಿಚ್ಚೂ ಪಟ್ಟಿದ್ದಳು.

ತರಬೇತಿ ಕೊಡುವವರು ಸಂಕರ್ಷಣ ಸರ್. ಉಡುಪಿಯಲ್ಲಿ ಹುಟ್ಟಿ, ಪುಣೆಯಲ್ಲಿ ಓದಿ, ನವಿ ಮುಂಬಯಿಯಲ್ಲಿ ತಲೆ ನರೆಸಿಕೊಂಡವರು. ರಮಿತಾ ತುಳುನಾಡಿನವಳೆಂದು ತಿಳಿದದ್ದೇ "ಓಹೋ, ನಮ್ಮ ಕಡೆಯವಳು!" ಎಂದು ಎಲ್ಲರೆದುರು ಕನ್ನಡದಲ್ಲಿ ಕೂಗಿದ್ದರು. ಕೆಟ್ಟ ಮನುಷ್ಯರಲ್ಲ. ಆದರೆ ಅವರಿಗೆ ಕ್ಲಾಸೆಂದರೆ ಒಂದು ಕುದುರೆ, ಟೀಚರೆಂದರೆ ಸವಾರ. "ಮೊದಲ ಐದು ನಿಮಿಷದಲ್ಲಿ ಲಗಾಮು ನಿಮ್ಮ ಕೈಗೆ ಬರಬೇಕು, ಇಲ್ಲದಿದ್ದರೆ ವರ್ಷವಿಡೀ ಬರುವುದಿಲ್ಲ" ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು. ಬೋರ್ಡಿಗೆ ಬರೆಯುವಾಗ ಬೆನ್ನು ತಿರುಗಿಸಬಾರದು, ಉತ್ತರ ಗೊತ್ತಿಲ್ಲದಿದ್ದರೆ 'ಒಳ್ಳೆಯ ಪ್ರಶ್ನೆ' ಎಂದು ಹೊಗಳಿ ದಾಟಿಬಿಡಬೇಕು, ಮಕ್ಕಳು ನಕ್ಕರೆ ನಗು ಯಾರ ಮೇಲೆ ಬೀಳಬೇಕೆಂದು ನಾವು ತೀರ್ಮಾನಿಸಬೇಕು. ಟಿ.ಎ.ಗಳು ಇದನ್ನೆಲ್ಲ ಬರೆದುಕೊಂಡರು.

ಆಮೇಲೆ ಒಬ್ಬೊಬ್ಬರಾಗಿ ಎದ್ದು ಹತ್ತು ನಿಮಿಷ ಅಣಕು ಪಾಠ ಮಾಡಬೇಕು. ಉಳಿದ ಟಿ.ಎ.ಗಳು ಮುಂದಿನ ಸಾಲಿನಲ್ಲಿ, ಹೊಸ ಎಂ.ಎಸ್ಸಿ.ಯವರು ಹಿಂದೆ ವಿದ್ಯಾರ್ಥಿಗಳಾಗಿ, ಸಂಕರ್ಷಣ ಸರ್ ಮೂಲೆಯಲ್ಲಿ ಅಂಕಗಳನ್ನು ಹಿಡಿದುಕೊಂಡು.

ಬುಧವಾರ ರಮಿತಾಳ ಸರದಿ. ವಿಷಯ ಟೈಟ್ರೇಶನ್. ಆಮ್ಲಕ್ಕೆ ಕ್ಷಾರವನ್ನು ಹನಿ ಹನಿಯಾಗಿ ಬಿಡುತ್ತ ಹೋಗುವುದು, ಬಣ್ಣವಿಲ್ಲದ ದ್ರಾವಣ ತಟ್ಟನೆ ತಿಳಿ ಗುಲಾಬಿಯಾದ ಕೂಡಲೇ ಕೈ ತಡೆಯುವುದು. ರಾತ್ರಿಯೆಲ್ಲ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದಳು, ಪಾಠ ಸರಾಗವಾಗಿ ಸಾಗುತ್ತಿತ್ತು. ಮುಂದಿನ ಸಾಲಿನಲ್ಲಿ ಐರೋಲಿಯ ಅಶ್ಮಿತಾ ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದಳು. ಅಶ್ಮಿತಾ ಮೆಚ್ಚಿದರೆ ಎಲ್ಲರೂ ಮೆಚ್ಚಿದ ಹಾಗೆ, ಆ ವಾರ ಅದು ಹೇಗೋ ಹಾಗೆ ಗೊತ್ತಾಗಿಬಿಟ್ಟಿತ್ತು.

ಅಷ್ಟರಲ್ಲಿ ಹಿಂದಿನಿಂದ ವಿಮಲಾ ಕೈ ಎತ್ತಿದರು. ಪಾಠದಲ್ಲಿ ಪೂರಾ ಮುಳುಗಿದ್ದರೆಂದು ಕಾಣುತ್ತದೆ, ಹತ್ತು ವರ್ಷದ ಶಾಲೆಯ ರೂಢಿ ನಾಲಿಗೆಗೆ ಬಂತು.

"ಬಾಯಿ, ಏಕ್ ಶಂಕಾ ಆಹೇ." ಬಾಯಿ, ಒಂದು ಸಂಶಯ ಇದೆ. "ಆ ಗುಲಾಬಿ ಬಣ್ಣ ಸ್ವಲ್ಪ ಹೊತ್ತಿಗೆ ತಾನಾಗಿ ಮಾಸಿ ಹೋಗ್ತದಲ್ಲ, ಆಗ ಮತ್ತೆ ಹನಿ ಹಾಕಬೇಕೋ..."

ಅಶ್ಮಿತಾ ಫಕ್ಕನೆ ನಕ್ಕಳು. "ಬಾಯಿ!" ಎಂದು ಯಾರೋ ಪಿಸುಗುಟ್ಟಿದರು. "ಝಾಡೂ ಪೋಛಾ ಭೀ ಕರೇಗೀ ಕ್ಯಾ?" ಎಂದು ಇನ್ನೊಬ್ಬ, ಕಸ ಗುಡಿಸಿ ನೆಲ ಒರೆಸುವುದೂ ಇವಳೇನಾ ಎಂದು. ಇಡೀ ಕೋಣೆ ಗೊಳ್ಳೆಂದಿತು.

ಇಲ್ಲಿ ಒಂದು ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ವಿಮಲಾ ಕರೆದದ್ದು ಯಾವ ಬಾಯಿ ಎಂದು ರಮಿತಾಳಿಗೆ ಚೆನ್ನಾಗಿ ಗೊತ್ತಿತ್ತು. ತಿಳಿಯದೆ ತಪ್ಪು ಮಾಡಿದಳೆಂದರೆ ಅದು ಸುಳ್ಳು. ಆ ಕೋಣೆಯಲ್ಲಿ ಇಡೀ ವಾರ ಅವಳಿಗೆ ಸಿಕ್ಕ ಅತಿ ದೊಡ್ಡ ಗೌರವ ಅದೇ ಎಂಬುದೂ ಗೊತ್ತಿತ್ತು. ಆದರೆ ನಗು ಮುಂದಿನ ಸಾಲಿನಿಂದ ಬರುತ್ತಿತ್ತು. ಇವರಲ್ಲಿ ಯಾರೋ ಅಮ್ಮನನ್ನು ಠಾಣೆಯ ಆ ಸೊಸೈಟಿಯಲ್ಲಿ ಕಂಡಿದ್ದಾರೆ, ಅದಕ್ಕೇ ನಗುತ್ತಿದ್ದಾರೆ ಎಂದು ಅವಳಿಗೆ ಅನಿಸಿತು. ನಗು ಯಾರ ಮೇಲೆ ಬೀಳಬೇಕೆಂದು ನಾವು ತೀರ್ಮಾನಿಸಬೇಕು ಎಂದು ಸರ್ ಹೇಳಿಕೊಟ್ಟಿದ್ದರಲ್ಲ, ಅವಳು ತೀರ್ಮಾನಿಸಿದಳು.

"ಮೀ ತುಮ್ಚ್ಯಾ ಘರ್ಚೀ ಬಾಯಿ ನಾಹೀ" ಎಂದಳು, ಒಂದೊಂದು ಶಬ್ದವನ್ನೂ ಬಿಡಿಸಿ. ನಾನು ನಿಮ್ಮ ಮನೆಯ ಬಾಯಿ ಅಲ್ಲ. "ಇಲ್ಲಿ ಮ್ಯಾಡಮ್ ಅನ್ನಬೇಕು."

ಈ ಸಲ ಡೆಸ್ಕು ಬಡಿದು ನಕ್ಕರು. ವಿಮಲಾ ಎತ್ತಿದ ಕೈ ಒಂದು ಗಳಿಗೆ ಹಾಗೇ ಮೇಲಿತ್ತು. ಆಮೇಲೆ ಅದನ್ನು ಇಳಿಸಿ, "ಸಾರಿ, ಮ್ಯಾಡಮ್" ಎಂದು ಕೂತರು. ಪ್ರಶ್ನೆ ಅಲ್ಲೇ ಉಳಿಯಿತು. ರಮಿತಾ ಬೋರ್ಡಿನ ಕಡೆ ತಿರುಗದೆ, ಸರ್ ಹೇಳಿಕೊಟ್ಟ ಹಾಗೆಯೇ ಓರೆಯಾಗಿ ನಿಂತು, ಉಳಿದ ಪಾಠ ಮುಗಿಸಿದಳು. ಮೊದಲಿಗಿಂತ ಚೆನ್ನಾಗಿಯೇ ಮುಗಿಸಿದಳು, ಅದೇ ಅಸಹ್ಯ.

ಸಂಕರ್ಷಣ ಸರ್ ಎಲ್ಲರ ಮುಂದೆ ಹೊಗಳಿದರು. "ನೋಡಿ, ಗಲಾಟೆಯಾಯಿತು, ಒಂದೇ ವಾಕ್ಯದಲ್ಲಿ ಕ್ಲಾಸು ಕೈಗೆ ತಗೊಂಡಳು. ಇದಕ್ಕೆ ಕಂಟ್ರೋಲ್ ಅನ್ನುವುದು." ಕ್ಯಾಂಟೀನಿನಲ್ಲಿ ಅಶ್ಮಿತಾ ಅವಳ ಹೆಗಲ ಮೇಲೆ ಕೈ ಹಾಕಿ ವಡಾಪಾವ್ ಕೊಡಿಸಿದಳು. ಆಚೆ ಕಿಟಕಿಯ ಬದಿ ವಿಮಲಾ ಒಬ್ಬರೇ ಕೂತು ಸ್ಟೀಲಿನ ಡಬ್ಬಿಯಿಂದ ಭಾಕರಿ ಮುರಿದು ತಿನ್ನುತ್ತಿದ್ದರು. ಅವರು ಈ ಕಡೆ ನೋಡಲಿಲ್ಲ. ನೋಡಿದ್ದರೆ ಏನು ಮಾಡುತ್ತಿದ್ದೆನೋ ಎಂದು ರಮಿತಾ ಆಮೇಲೆ ಎಷ್ಟೋ ಸಲ ಯೋಚಿಸಿದ್ದುಂಟು.

ಸಂಜೆ ಮನೆಯಲ್ಲಿ ಬಾಗಿ, "ಪಾಠ ಹೇಗಾಯಿತು ಮಗಾ?" ಎಂದು ಕೇಳಿದಳು.

"ಚೆನ್ನಾಗಾಯಿತು. ಸರ್ ಹೊಗಳಿದರು. ಒಬ್ಬಳು ನಡುವೆ ಅಧಿಕಪ್ರಸಂಗ ಮಾಡಿದಳು, ಜೋರು ಮಾಡಿ ಕೂರಿಸಿದೆ."

"ಒಳ್ಳೇದಾಯ್ತು. ಟೀಚರ್ ಅಂದ ಮೇಲೆ ಸ್ವಲ್ಪ ಗತ್ತು ಬೇಕು. ನಮ್ಮ ಹಾಗೆ ಎಲ್ಲದಕ್ಕೂ ಹೂಂ ಹೂಂ ಅಂದ್ರೆ ಆಗ್ಲಿಕ್ಕುಂಟಾ?" ಎಂದು ಬಾಗಿ ಮಗಳ ತಟ್ಟೆಗೆ ಇನ್ನೊಂದು ಮೀನಿನ ತುಂಡು ಹಾಕಿದಳು. ಮೂರು ಮನೆಗಳ ಅಡುಗೆ ಮುಗಿಸಿ ಬಂದು ನಾಲ್ಕನೆಯದಾಗಿ ಮಾಡಿದ ಸಾರು. ರಮಿತಾ ತಲೆನೋವೆಂದು ಹೇಳಿ ತಟ್ಟೆ ಬಿಟ್ಟು ಎದ್ದಳು. ನಾಚಿಕೆ ಎಂದರೆ ಮುಖ ಕೆಂಪಾಗುವುದು ಎಂದುಕೊಂಡಿದ್ದಳು ಇಷ್ಟು ದಿನ. ಅದು ಹೊಟ್ಟೆಯಲ್ಲಿ ಕೂತು ಅನ್ನವನ್ನೂ ಒಳಗೆ ಬಿಡುವುದಿಲ್ಲ ಎಂದು ಅವತ್ತು ತಿಳಿಯಿತು.

ಗುರುವಾರ ಕಾರಿಡಾರಿನಲ್ಲಿ ಕ್ಷಮೆ ಕೇಳಲು ನೋಡಿದಳು. "ವಿಮಲಾತಾಯಿ, ನಿನ್ನೆ..." ಎಂದು ಮರಾಠಿಯವರು ಅಕ್ಕನನ್ನು ಕರೆಯುವ ಹಾಗೆ ಶುರು ಮಾಡುತ್ತಿದ್ದಂತೆ ಅವರು ಗೋಡೆಗೆ ಸರಿದು ದಾರಿ ಬಿಟ್ಟು, "ಹೇಳಿ, ಮ್ಯಾಡಮ್" ಎಂದರು. ಆ ಮ್ಯಾಡಮ್ಮಿನಲ್ಲಿ ಸಿಟ್ಟಿರಲಿಲ್ಲ, ಕುಹಕವಿರಲಿಲ್ಲ. ಪಾಠ ತಪ್ಪಿದ ಮಗು ತಿದ್ದಿಕೊಂಡು ಒಪ್ಪಿಸುವ ಹಾಗಿತ್ತು. ರಮಿತಾ "ಏನಿಲ್ಲ" ಎಂದು ಹೋದಳು. ಆ ದಿನ, ಅದರ ಮರುದಿನ, ಯಾರ ಪಾಠದಲ್ಲೂ ವಿಮಲಾ ಕೈ ಎತ್ತಲಿಲ್ಲ. ಸೋಮವಾರ ಮಂಗಳವಾರ ಅತಿ ಹೆಚ್ಚು ಪ್ರಶ್ನೆ ಕೇಳಿದವರು ಅವರೇ.

ಶನಿವಾರ ಸಮಾರೋಪ. ಡೀನ್ ಬಂದಿದ್ದರು. ಪ್ರತಿಯೊಬ್ಬ ಟಿ.ಎ.ಯೂ ಮೈಕಿನ ಮುಂದೆ ಬಂದು ಈ ವಾರ ತಾನು ಕಲಿತದ್ದೇನೆಂದು ಹೇಳಬೇಕು. ರಮಿತಾ ರೈಲಿನಲ್ಲೇ ಮಾತು ಸಿದ್ಧ ಮಾಡಿಕೊಂಡಿದ್ದಳು. ವಿಮಲಾ ನನ್ನನ್ನು ಗೌರವದಿಂದ ಕರೆದರು, ನನಗದು ಗೊತ್ತಿತ್ತು, ಆದರೂ ಅವಮಾನ ಮಾಡಿದೆ. ಯಾಕೆಂದರೆ ನನ್ನ ಅಮ್ಮ ಮನೆಕೆಲಸ ಮಾಡುತ್ತಾಳೆ, ಅದು ನಿಮಗೆಲ್ಲ ಗೊತ್ತಾಗಬಾರದೆಂಬ ಹೆದರಿಕೆ ನನಗೆ. ಇಷ್ಟೇ. ನಾಲ್ಕು ವಾಕ್ಯ. ಹೇಳಿಬಿಟ್ಟರೆ ಮುಗಿಯಿತು.

ಮೈಕಿನ ಮುಂದೆ ನಿಂತು, "ನಾನು ವಿಮಲಾ ಅವರಲ್ಲಿ ಕ್ಷಮೆ ಕೇಳಬೇಕು" ಎಂದಳು. ಡೀನ್ ತಲೆ ಎತ್ತಿದರು. ಅಶ್ಮಿತಾ ಹುಬ್ಬೇರಿಸಿದಳು. ಆ ಹುಬ್ಬನ್ನು ಕಂಡದ್ದೇ ರಮಿತಾಳ ಧೈರ್ಯ ದಾರಿ ತಪ್ಪಿತು.

"ನಾನು ಕನ್ನಡದವಳು" ಎಂದು ಇಂಗ್ಲಿಷಿನಲ್ಲಿ ಮುಂದುವರಿಸಿದಳು. "ನಮ್ಮ ಭಾಷೆಯಲ್ಲಿ ಬಾಯಿ ಎಂದರೆ ಇದು" ಎಂದು ತುಟಿ ಮುಟ್ಟಿ ತೋರಿಸಿದಳು. ಸಣ್ಣ ನಗು ಎದ್ದಿತು. "ಇಲ್ಲಿಯ ಹಿಂದಿಯಲ್ಲಿ ಏನರ್ಥವೋ ಅದು ಮಾತ್ರ ನನಗೆ ಗೊತ್ತಿತ್ತು. ಮರಾಠಿಯಲ್ಲಿ ಅದು ಗುರುವಿಗೆ ಕೊಡುವ ಹೆಸರೆಂದು ನನಗೆ ಗೊತ್ತಿರಲಿಲ್ಲ. ವಿಮಲಾಜೀ ನನಗೆ ಅಷ್ಟು ದೊಡ್ಡ ಮರ್ಯಾದೆ ಕೊಟ್ಟರು, ಭಾಷೆ ಬಾರದ ನಾನು ತಪ್ಪು ತಿಳಿದೆ. ಟೀಚರಾಗುವವರು ಮೊದಲು ಕೇಳಿಸಿಕೊಳ್ಳಲು ಕಲಿಯಬೇಕು. ಇದೇ ನಾನು ಕಲಿತ ಪಾಠ."

ಎಂಥ ಚಪ್ಪಾಳೆ! ಸಂಕರ್ಷಣ ಸರ್ ತೊಡೆ ತಟ್ಟಿಕೊಂಡು ನಕ್ಕರು. "ಸತ್ಯ, ಸತ್ಯ! ಪುಣೆಗೆ ಬಂದ ಹೊಸತರಲ್ಲಿ ನಾನೂ ಇದೇ ಶಬ್ದಕ್ಕೆ ಎಡವಿದ್ದೆ. ನಮ್ಮ ಕಡೆಯವರೆಲ್ಲ ಮಾಡುವ ತಪ್ಪು ಇದು" ಎಂದು ಡೀನರಿಗೆ ವಿವರಿಸಿದರು. ಆಮೇಲೆ ಹಿಂದಿನ ಸಾಲಿನತ್ತ ಕೈಚಾಚಿ, "ವಿಮಲಾಜೀ ಎಲ್ಲಿ? ಎದ್ದು ನಿಲ್ಲಿ, ಪ್ಲೀಸ್! ಎಲ್ಲರೂ ನೋಡಲಿ!" ಎಂದರು.

ವಿಮಲಾ ಎದ್ದು ನಿಂತರು. ನಿಲ್ಲದೆ ಬೇರೆ ದಾರಿಯಿರಲಿಲ್ಲ. ಎಲ್ಲ ತಲೆಗಳೂ ತಿರುಗಿದವು, ಒಬ್ಬ ಮೊಬೈಲಿನಲ್ಲಿ ಫೋಟೋ ತೆಗೆದ. ಅವರು ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು, ಕೈ ಎಲ್ಲಿಡಬೇಕೆಂದು ತಿಳಿಯದೆ ನೆಲ ನೋಡುತ್ತ ನಿಂತರು. ಬುಧವಾರ ನಕ್ಕವರೇ ಈಗ ಚಪ್ಪಾಳೆ ತಟ್ಟುತ್ತಿದ್ದರು, ಅದೇ ಉತ್ಸಾಹದಲ್ಲಿ. ರಮಿತಾ ಮೈಕಿನ ಹಿಂದೆ ನಿಂತು ಇದನ್ನೆಲ್ಲ ನೋಡಿದಳು. ಕ್ಷಮೆ ಕೇಳಲು ಹೋಗಿ ಅದೇ ಹೆಂಗಸನ್ನು ಎರಡನೆಯ ಸಲ ನಿಲ್ಲಿಸಿ ಅವಮಾನ ಮಾಡಿದ್ದಳು, ಅದೂ ಸುಳ್ಳು ಹೇಳಿ.

ಚಹಾಕ್ಕೆ ಮೊದಲೇ ಹೆಸರುಗಳನ್ನು ಓದಿದರು. ಕ್ಲಾಸು ಸಿಕ್ಕಿದವರಲ್ಲಿ ಮೊದಲ ಹೆಸರು ರಮಿತಾಳದು.

ಜನರ ಕೈಕುಲುಕಾಟದಿಂದ ತಪ್ಪಿಸಿಕೊಂಡು ಅವಳು ಮೆಟ್ಟಿಲ ಬಳಿ ವಿಮಲಾರನ್ನು ಹಿಡಿದಳು. ಅವರು ಕೊಡೆ, ಚೀಲ ತೆಗೆದುಕೊಂಡು ಹೊರಟಿದ್ದರು.

"ಚೆನ್ನಾಗಿ ಮಾತಾಡಿದಿರಿ, ಮ್ಯಾಡಮ್" ಎಂದರು ವಿಮಲಾ.

"ಹಾಗನ್ನಬೇಡಿ. ನಾನು..."

"ಡೊಂಬಿವಲಿಯಲ್ಲೇ ಹುಟ್ಟಿದ್ದು ಅಂದಿದ್ದಿರಿ."

ರಮಿತಾ ಕೊರಳಿನ ಐಡಿ ಕಾರ್ಡನ್ನು ತಿರುವಿ ಹಿಡಿದಳು.

"ನಾನು ಯಾರಿಗೂ ಹೇಳುವುದಿಲ್ಲ, ಹೆದರಬೇಡಿ" ಎಂದರು ಅವರು. ಸ್ವರ ಏರಲಿಲ್ಲ. "ನಮ್ಮ ಶಾಲೆಯಲ್ಲಿ ಒಂದನೇ ಕ್ಲಾಸಿನ ಮಕ್ಕಳು ನನ್ನನ್ನು ಎಷ್ಟೋ ಸಲ ಬಾಯಿತಪ್ಪಿ ಆಯೀ ಅಂತಾರೆ, ಅಮ್ಮ ಅಂತ. ನಾನು ನಿಮ್ಮ ಮನೆಯ ಅಮ್ಮ ಅಲ್ಲ ಅಂತ ಹೇಳ್ತಾ ಕೂರೋದಿಲ್ಲ. ಪ್ರಶ್ನೆಗೆ ಉತ್ತರ ಹೇಳ್ತೇನೆ. ಅವತ್ತು ನಾನೊಂದು 'ಶಂಕಾ' ಕೇಳಿದ್ದೆ. ಇವತ್ತೂ ನೀವು ಅದಕ್ಕೆ ಉತ್ತರ ಹೇಳಲಿಲ್ಲ."

ಉತ್ತರ ರಮಿತಾಳಿಗೆ ಗೊತ್ತಿತ್ತು. ಗಾಳಿಯ ಇಂಗಾಲದ ಡೈ ಆಕ್ಸೈಡು ಸೇರಿ ಬಣ್ಣ ಮಾಸುತ್ತದೆ, ಅರ್ಧ ನಿಮಿಷ ನಿಂತರೆ ಸಾಕು, ಮತ್ತೆ ಹನಿ ಹಾಕಬಾರದು. ಆದರೆ ಈಗ ಅದನ್ನು ಹೇಳುವುದು ಹೇಗೆ?

"ನನ್ನನ್ನು ಬೇರೆಯವರ ಬ್ಯಾಚಿಗೆ ಹಾಕಲು ಸರ್‌ಗೆ ಹೇಳಿ. ಕಷ್ಟಪಟ್ಟು ರಜೆ ಸಿಕ್ಕಿದೆ, ಓದು ಬಿಡುವುದಿಲ್ಲ. ಆದರೆ ನಿಮ್ಮ ಕ್ಲಾಸಿನಲ್ಲಿ ಕೂತರೆ ನನಗೆ ಇನ್ನು ಕೇಳಲು ಧೈರ್ಯವಾಗುವುದಿಲ್ಲ." ಎರಡು ಮೆಟ್ಟಿಲು ಇಳಿದು ಅವರು ನಿಂತರು. "ಒಂದು ಕೇಳಲಾ? ಬಾಯಿ ಅಂದದ್ದಕ್ಕೆ ನಿಮಗೆ ಅಷ್ಟು ಉರಿಯಿತಲ್ಲ, ನಿಮ್ಮ ಮನೆಯಲ್ಲಿ ಯಾರಾದರೂ ಕೆಲಸಕ್ಕೆ ಹೋಗ್ತಾರಾ?"

ಅವರ ಮುಖದಲ್ಲಿ ಕೆಣಕು ಇರಲಿಲ್ಲ. ಹೌದು ಎಂದಿದ್ದರೆ ಅಲ್ಲೇ ಎಲ್ಲ ಮುಗಿಯುತ್ತಿತ್ತು, ಬಹುಶಃ ಅವರು ಮೇಲೆ ಹತ್ತಿ ಬಂದು ಅವಳ ಕೈ ಹಿಡಿಯುತ್ತಿದ್ದರು. ಮೆಟ್ಟಿಲ ಬಳಿ ಮೂರನೆಯವರು ಯಾರೂ ಇರಲಿಲ್ಲ. ಆದರೂ ರಮಿತಾಳ ನಾಲಿಗೆ ಹೇಳಿದ್ದು, "ಇಲ್ಲ. ಯಾರೂ ಇಲ್ಲ."

"ಹಾಗಾದರೆ ಸರಿ" ಎಂದು ವಿಮಲಾ ಇಳಿದು ಹೋದರು.

ರೈಲಿನಲ್ಲಿ ಕೂತರೂ ಆ ಎರಡು ಮಾತು ಕಿವಿ ಬಿಡಲಿಲ್ಲ. ಯಾರೂ ಇಲ್ಲ. ಹತ್ತಿ ಇಳಿಯುವವರ ನಡುವೆ ಅವಳು ಕಣ್ಣು ಮುಚ್ಚಿ ಕೂತಳು. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಠಾಣೆಯಲ್ಲಿ ಇಳಿದವಳು ಡೊಂಬಿವಲಿಯ ಗಾಡಿ ಹಿಡಿಯದೆ ಹೊರಗೆ ಬಂದು ಶೇರ್ ರಿಕ್ಷಾ ಹತ್ತಿದಳು. ಅಮ್ಮ ಕೆಲಸ ಮಾಡುವ ಸೊಸೈಟಿಯ ಹೆಸರು ಆರು ವರ್ಷದಿಂದ ಕೇಳಿದ್ದಳು, ಒಮ್ಮೆಯೂ ಹೋದವಳಲ್ಲ. ಇವತ್ತು ಹೋಗುತ್ತೇನೆ, ಅವಳ ಜೊತೆಗೆ ಒಂದೇ ಡಬ್ಬಿಯಲ್ಲಿ ಮನೆಗೆ ಬರುತ್ತೇನೆ, ಯಾರು ಕೇಳಿದರೂ ಮಗಳೆಂದು ಹೇಳುತ್ತೇನೆ. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿದಳು.

ಗೇಟಿನಲ್ಲಿ ವಾಚ್‌ಮನ್ ತಡೆದ. "ಕಿಸ್ಕೋ ಮಿಲ್ನಾ ಹೈ?"

"ಬಾಗಿಬಾಯಿ. ಅಡುಗೆ ಮಾಡ್ತಾರಲ್ಲ, ಅವರು" ಎಂದಳು ರಮಿತಾ ಹಿಂದಿಯಲ್ಲಿ. ಬೆವರುತ್ತಿದ್ದಳು. "ನಾನು ಅವರ ಮಗಳು."

ವಾಚ್‌ಮನ್ ಅವಳ ಇಸ್ತ್ರಿ ಮಾಡಿದ ಕುರ್ತಾವನ್ನೂ ಕೊರಳಿನ ಐಡಿ ಕಾರ್ಡನ್ನೂ ನೋಡಿ, ಏನೂ ಹೇಳದೆ ಇಂಟರ್‌ಕಾಮ್ ಎತ್ತಿದ. ಅಷ್ಟೇ. ಆಕಾಶ ಕಳಚಿ ಬೀಳಲಿಲ್ಲ. ಇಷ್ಟು ಸುಲಭದ ಮಾತಿಗೆ ಒಂದು ವಾರ ಒದ್ದಾಡಿದೆನಲ್ಲ ಎಂದು ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಲಿಫ್ಟಿನ ಬಾಗಿಲು ತೆರೆದು ಬಾಗಿ ಓಡುವ ಹಾಗೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು, ಮೊಣಕೈಯವರೆಗೆ ಗೋಧಿ ಹಿಟ್ಟು. ಮಗಳನ್ನು ಕಂಡು ಮುಖ ಬಿಳಿಚಿಕೊಂಡಿತು. "ಈ ಮುಲ್ಪ ದಾಯೆ ಬತ್ತ?" ಎಂದು ತುಳುವಿನಲ್ಲಿ ಗದರಿದಳು. ನೀನು ಇಲ್ಲಿಗೆ ಯಾಕೆ ಬಂದೆ? "ಯಾರಿಗೆ ಏನಾಯಿತು? ಅಪ್ಪನಿಗೆ ಹುಷಾರುಂಟಲ್ಲ?"

"ಎಲ್ಲ ಹುಷಾರುಂಟು. ನಿನ್ನನ್ನು ಕರಕೊಂಡು ಹೋಗಲಿಕ್ಕೆ ಬಂದೆ ಅಮ್ಮ."

ಬಾಗಿ ಅವಳನ್ನು ತೋಳು ಹಿಡಿದು ಕಂಬದ ಮರೆಗೆ ಎಳೆಯುವಷ್ಟರಲ್ಲಿ ಗೇಟಿನ ಬಳಿ ಕಾರು ನಿಂತಿತು. ತರಕಾರಿ ಚೀಲ ಹಿಡಿದ ಒಬ್ಬರು ಇಳಿದು ಬಂದರು. ಬಾಗಿ ಅಡುಗೆ ಮಾಡುವ ಮನೆಯ ಯಜಮಾನಿ ಎಂದು ಅಮ್ಮನ ಬೆನ್ನು ನೆಟ್ಟಗಾದದ್ದರಲ್ಲೇ ರಮಿತಾಳಿಗೆ ತಿಳಿಯಿತು.

"ಬಾಯಿ, ಯೇ ಕೌನ್ ಹೈ?" ಎಂದು ಆಕೆ ಸಹಜವಾಗಿ ಕೇಳಿದರು.

ರಮಿತಾ ಉಸಿರೆಳೆದುಕೊಂಡಳು. ಅವಳು ಹೇಳುವ ಮೊದಲೇ ಬಾಗಿ ಮುಂದೆ ಬಂದಳು.

"ನಮ್ಮ ಊರಿನ ಹೋಟೆಲ್ ಸೇಠರ ಮಗಳು, ಮ್ಯಾಡಮ್" ಎಂದಳು ತನ್ನ ಮುರುಕು ಹಿಂದಿಯಲ್ಲಿ. "ಬೇಲಾಪುರದಲ್ಲಿ ದೊಡ್ಡ ಕಾಲೇಜಿನಲ್ಲಿ ಪಾಠ ಮಾಡ್ತಾರೆ. ಈ ದಾರಿಯಲ್ಲಿ ಬಂದವರು ಮಾತಾಡಿಸಿ ಹೋಗುವಾ ಅಂತ ಬಂದ್ರು."

"ಅರೇ ವಾ!" ಎಂದು ಆಕೆ ರಮಿತಾಳ ಕಡೆ ನಗುತ್ತ ಕೈಮುಗಿದು ಲಿಫ್ಟಿನೊಳಗೆ ಹೋದರು. ರಮಿತಾಳೂ ಕೈಮುಗಿದಳು. ಇಲ್ಲ ಮ್ಯಾಡಮ್, ನಾನು ಇವಳ ಮಗಳು ಎಂದರೆ ಅಮ್ಮ ಸುಳ್ಳಿಯಾಗುತ್ತಾಳೆ. ಹೇಳದಿದ್ದರೆ ತಾನು ಸೇಠರ ಮಗಳಾಗುತ್ತಾಳೆ. ಯಾವುದೆಂದು ಅವಳು ತೀರ್ಮಾನಿಸುವಷ್ಟರಲ್ಲಿ ಲಿಫ್ಟು ಮೇಲೆ ಹೋಯಿತು. ವಾಚ್‌ಮನ್ ಇಬ್ಬರನ್ನೂ ಒಮ್ಮೆ ನೋಡಿ, ಮುಖ ತಿರುಗಿಸಿ ಕೂತ.

ಬಾಗಿ ಅಲ್ಲಿಯವರೆಗೆ ಹಿಡಿದ ಉಸಿರು ಬಿಟ್ಟಳು. ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು, ಕಷ್ಟದ ಪ್ರಶ್ನೆಗೆ ಥಟ್ಟನೆ ಉತ್ತರ ಹೇಳಿದ ಮಕ್ಕಳು ಟೀಚರನ್ನು ನೋಡುವಂತೆ ಮಗಳ ಮುಖ ನೋಡಿದಳು.

"ನೀನು ಹೆದರ್ಬೇಡ. ಇಲ್ಲಿ ಯಾರಿಗೂ ನಿನ್ನ ವಿಷಯ ನಾನು ಹೇಳಿಲ್ಲ, ಹೇಳುವುದೂ ಇಲ್ಲ" ಎಂದಳು. "ಹೇಗೆ, ಸರಿ ಹೇಳಿದೆನಲ್ಲ?"

ಈ ಪಾಠವನ್ನು ಅಮ್ಮನಿಗೆ ಕಲಿಸಿದವಳು ತಾನೇ. ಬೋರ್ಡಿಲ್ಲದೆ, ಗದರದೆ, ವರ್ಷಗಟ್ಟಲೆ ಕಲಿಸಿದ್ದಳು, ಅಮ್ಮ ಒಂದಕ್ಷರ ಬಿಡದೆ ಕಲಿತಿದ್ದಳು. ರಮಿತಾ ಅಲ್ಲೇ, ವಾಚ್‌ಮನ್ನಿನ ಮೇಜಿನೆದುರು, ಬಿಕ್ಕಿ ಬಿಕ್ಕಿ ಅತ್ತಳು.

ಬಾಗಿ ಕಂಗಾಲಾದಳು. "ಎಂಥ ಆಯ್ತು ಮಗಾ? ಕ್ಲಾಸು ಸಿಗ್ಲಿಲ್ವಾ?"

"ಸಿಕ್ಕಿತು ಅಮ್ಮ."

"ಮತ್ತೆ ಎಂಥಕ್ಕೆ ಅಳುವುದು?" ಎಂದು ಬಾಗಿ ಸುತ್ತ ಕಣ್ಣು ಹಾಯಿಸಿ, ಮಗಳನ್ನು ಯಾರೂ ನೋಡದ ಹಾಗೆ ಅಡ್ಡ ನಿಂತಳು.